ಸಮುದ್ರದಾಚೆಯ ಮನೆ: ಬಾಸೆಲ್ ಮಿಷನರಿಗಳ ಕುಟುಂಬ ಸಂಬಂಧಗಳು, 1834–1892

ಕನ್ನಡದ ಆಧುನಿಕ ಚರಿತ್ರೆಯಲ್ಲಿ ಬಾಸೆಲ್ ಮಿಷನ್ನಿನ ಮಾತು ಬಂದಾಗಲೆಲ್ಲ ನಾವು ನೆನೆಯುವುದು 1843ರ ‘ಮಂಗಳೂರ ಸಮಾಚಾರ’ವನ್ನು, ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಗ್ರಂಥಮಾಲೆಯನ್ನು, 1894ರ ಕಿಟೆಲ್ ನಿಘಂಟನ್ನು. ಈ ಕೆಲಸಗಳಿಗೆ ಕೈಹಾಕಿದವರು ಇಲ್ಲಿಗೆ ಬಂದಾಗ ಎಳೆಯರು. ಹರ್ಮನ್ ಮೊಗ್ಲಿಂಗ್ 1836ರ ಕೊನೆಯಲ್ಲಿ ಮಂಗಳೂರಿಗೆ ಬಂದಾಗ ಅವರಿಗೆ 25 ವರ್ಷ. ಫರ್ಡಿನಂಡ್ ಕಿಟೆಲ್ 1853ರಲ್ಲಿ ಬಂದಾಗ 21. ಇವರ ಸಾಹಿತ್ಯ ಸೇವೆಯ ಬಗ್ಗೆ ಕನ್ನಡದಲ್ಲಿ ಸಾಕಷ್ಟು ಬರೆಹ ಬಂದಿದೆ. ಹೆತ್ತವರಿಂದ, ಒಡಹುಟ್ಟಿದವರಿಂದ, ಮುಂದೆ ಸ್ವಂತ ಮಕ್ಕಳಿಂದಲೂ ದೂರವಿದ್ದ ಇವರು ಮನೆಯ ನಂಟನ್ನು ಹೇಗೆ ಉಳಿಸಿಕೊಂಡರು ಎಂಬ ಪ್ರಶ್ನೆ ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಈ ಲೇಖನದ ವಾದ ಇಷ್ಟು. ಮಿಷನರಿಯ ಕುಟುಂಬ ಸಂಬಂಧ ಅವನ ಖಾಸಗಿ ವಿಷಯವಾಗಿ ಉಳಿದಿರಲಿಲ್ಲ. ಪತ್ರ, ಮದುವೆ, ಮಕ್ಕಳ ಪಾಲನೆ ಮೂರನ್ನೂ ಸಂಸ್ಥೆಯೇ ವ್ಯವಸ್ಥೆಗೊಳಿಸಿತ್ತು. ಆ ವ್ಯವಸ್ಥೆಯ ಭಾರವನ್ನು ಹೆಚ್ಚಾಗಿ ಹೊತ್ತವರು ಹೆಂಗಸರು ಮತ್ತು ಮಕ್ಕಳು.

ಹಾದಿ ಮತ್ತು ಟಪಾಲು

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಹುಟ್ಟಿದ ಈ ಸಂಸ್ಥೆಗೆ ಹೆಚ್ಚಿನ ಯುವಕರು ಬರುತ್ತಿದ್ದುದು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯಿಂದ. ಅವರಲ್ಲಿ ಬಹುಪಾಲು ಜನ ರೈತರ, ಕುಶಲಕರ್ಮಿಗಳ ಮಕ್ಕಳು. ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದು ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷವೇ ಸಾಮ್ಯುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಹೊರಟರು. ಜುಲೈಯಲ್ಲಿ ಇಂಗ್ಲೆಂಡಿನಿಂದ ಹಡಗು ಹತ್ತಿದ ಅವರು ಕಲ್ಲಿಕೋಟೆಗೆ ಬಂದದ್ದು ಅಕ್ಟೋಬರ್ ನಡುವಿನಲ್ಲಿ, ಮಂಗಳೂರು ಸೇರಿದ್ದು 1834ರ ಅಕ್ಟೋಬರ್ 30ರಂದು.

ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿ ಬರುವ ಈ ಹಾದಿಯಲ್ಲಿ ಪತ್ರವೂ ಮನುಷ್ಯನಷ್ಟೇ ನಿಧಾನವಾಗಿ ಸಾಗುತ್ತಿತ್ತು. ಊರಿನಲ್ಲಿ ತಾಯಿಗೆ ಕಾಯಿಲೆಯೆಂಬ ಸುದ್ದಿ ಮಗನಿಗೆ ಮುಟ್ಟುವ ಹೊತ್ತಿಗೆ ಆಕೆ ಗುಣವಾಗಿರಬಹುದಿತ್ತು, ತೀರಿಕೊಂಡೂ ಇರಬಹುದಿತ್ತು. 1830ರಲ್ಲಿ ‘ಹ್ಯೂ ಲಿಂಡ್ಸೆ’ ಎಂಬ ಉಗಿಹಡಗು ಮುಂಬಯಿಯಿಂದ ಸುಯೆಜ್‌ವರೆಗೆ ಹೋಗಿ ಕೆಂಪು ಸಮುದ್ರದ ಹಾದಿಯನ್ನು ತೋರಿಸಿತ್ತು. ಈಜಿಪ್ಟಿನ ಮರಳುಗಾಡನ್ನು ದಾಟಿ ಅಲೆಕ್ಸಾಂಡ್ರಿಯಾ ತಲುಪುವ ಟಪಾಲು 1840ರ ದಶಕದಲ್ಲಿ ಕ್ರಮಬದ್ಧವಾಯಿತು. ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಪ್ರಯಾಣ ವಾರಗಳ ಲೆಕ್ಕಕ್ಕೆ ಇಳಿಯಿತು. 1869ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ದೂರ ಇನ್ನಷ್ಟು ಕುಗ್ಗಿತು. ಮೊದಲ ತಲೆಮಾರಿನ ಹೆಬಿಕ್ ಮತ್ತು ಕೊನೆಗಾಲದ ಕಿಟೆಲ್ ಇಬ್ಬರೂ ಪರದೇಶದಲ್ಲಿದ್ದವರೇ ಆದರೂ ಊರಿನೊಂದಿಗೆ ಅವರು ಮಾತನಾಡಿದ ವೇಗ ಒಂದೇ ಆಗಿರಲಿಲ್ಲ.

ಒಂದು ಪತ್ರ, ಹಲವು ಓದುಗರು

ಮಿಷನರಿ ಎರಡು ಬಗೆಯ ಪತ್ರ ಬರೆಯಬೇಕಿತ್ತು: ಬಾಸೆಲ್‌ನ ಸಮಿತಿಗೆ ನಿಯತವಾಗಿ ವರದಿ, ಮನೆಯವರಿಗೆ ಕ್ಷೇಮಸಮಾಚಾರ. ಇವೆರಡರ ನಡುವಿನ ಗೆರೆ ತೆಳುವಾದದ್ದು. ಮಿಷನ್ನಿನ ಮಾಸಪತ್ರಿಕೆ ‘ಎವಾಂಗೆಲಿಷರ್ ಹೈಡನ್‌ಬೋಟೆ’ 1828ರಿಂದ ಪ್ರಕಟವಾಗುತ್ತಿತ್ತು; ದೂರದೇಶದಿಂದ ಬಂದ ವರದಿ, ಪತ್ರಗಳ ಆಯ್ದ ಭಾಗಗಳು ಅದರಲ್ಲಿ ಅಚ್ಚಾಗುತ್ತಿದ್ದವು. ಹಳ್ಳಿಯ ಪ್ರಾರ್ಥನಾಕೂಟಗಳಲ್ಲಿ ಅವನ್ನು ಗಟ್ಟಿಯಾಗಿ ಓದುವ ರೂಢಿಯಿತ್ತು. ಮಂಗಳೂರಿನ ಸೆಖೆ, ಹುಬ್ಬಳ್ಳಿಯ ಬಜಾರು, ಕೊಡಗಿನ ಮಳೆ ಜರ್ಮನಿಯ ಹಳ್ಳಿಗರ ಕಿವಿಗೆ ಬಿದ್ದದ್ದು ಹೀಗೆ.

ಇದರಿಂದ ಬರೆಯುವವನ ಮೇಲೆ ಒತ್ತಡ ಹೆಚ್ಚಿತು. ತನ್ನ ನಿರಾಶೆಯನ್ನು, ಒಂಟಿತನವನ್ನು, ಜೊತೆಗಾರರೊಂದಿಗಿನ ಮನಸ್ತಾಪವನ್ನು ಎಷ್ಟು ಹೇಳಬೇಕು, ಎಷ್ಟು ಬಿಡಬೇಕು ಎಂದು ಅವನು ತೂಗಿ ನೋಡಬೇಕಾಯಿತು. ಆದ್ದರಿಂದ ಅಚ್ಚಾದ ಪತ್ರಗಳನ್ನಷ್ಟೇ ನಂಬಿ ಮಿಷನರಿಯ ಮನಸ್ಸನ್ನು ಅಳೆಯುವ ಸಂಶೋಧಕರು ಅರ್ಧ ಚಿತ್ರವನ್ನು ಮಾತ್ರ ಕಾಣುತ್ತಾರೆ. ಬಾಸೆಲ್ ಪತ್ರಾಗಾರದ ಹಸ್ತಪ್ರತಿಗಳನ್ನೂ ಮನೆತನಗಳು ಕಾಪಾಡಿಕೊಂಡ ಕಾಗದಗಳನ್ನೂ ಒಟ್ಟಿಗಿಟ್ಟು ಓದಿದಾಗಲೇ ಉಳಿದರ್ಧ ತೆರೆದುಕೊಳ್ಳುತ್ತದೆ.

ಮದುವೆಗೆ ಸಮಿತಿಯ ಒಪ್ಪಿಗೆ

ಯುವ ಮಿಷನರಿ ಅವಿವಾಹಿತನಾಗಿಯೇ ಹೊರಡಬೇಕಿತ್ತು. 1837ರ ಕಟ್ಟಳೆಯ ಪ್ರಕಾರ ಕೆಲವು ವರ್ಷ ಸೇವೆ ಸಲ್ಲಿಸಿದ ಮೇಲಷ್ಟೇ ಅವನು ಮದುವೆಗೆ ಅನುಮತಿ ಕೇಳಬಹುದಿತ್ತು. ವಧು ಯಾರೆಂಬುದಕ್ಕೂ ಸಮಿತಿಯ ಒಪ್ಪಿಗೆ ಬೇಕು. ಎಷ್ಟೋ ಸಲ ಸಮಿತಿಯೇ ಹೆಣ್ಣು ನೋಡುತ್ತಿತ್ತು. ಹುಡುಗಿಯ ಆರೋಗ್ಯ, ನಡತೆ, ಭಕ್ತಿ ವಿಚಾರಿಸಿ ಅವಳ ಹೆತ್ತವರಿಗೆ ಪತ್ರ ಬರೆಯುತ್ತಿತ್ತು. ಒಪ್ಪಿದ ಹುಡುಗಿ ಅಪರಿಚಿತ ವರನ ಹೆಸರನ್ನು ನಂಬಿ ಹಡಗು ಹತ್ತುತ್ತಿದ್ದಳು. ಬಂದರಿನಲ್ಲಿ ಮೊದಲ ಭೇಟಿ, ಹೆಚ್ಚು ದಿನ ಕಳೆಯುವ ಮುನ್ನ ಮದುವೆ.

ಹೀಗೆ ಬೆಸೆದ ನಂಟುಗಳು ಮಿಷನ್ನಿನೊಳಗೇ ಒಂದು ಬಂಧುಬಳಗವನ್ನು ಕಟ್ಟಿದವು. ಮೊಗ್ಲಿಂಗ್ ಅವರ ಬಂಧು ಗಾಟ್‌ಫ್ರಿಡ್ ವೈಗ್ಲೆ ಕೂಡ ಇಲ್ಲಿಗೇ ಮಿಷನರಿಯಾಗಿ ಬಂದು ಕನ್ನಡದ ಕೆಲಸದಲ್ಲಿ ತೊಡಗಿದರು. 1855ರಲ್ಲಿ ವೈಗ್ಲೆ ತೀರಿಕೊಂಡ ಮೇಲೆ ಅವರ ಪತ್ನಿ ಪೌಲಿನಾರನ್ನು ಮೊಗ್ಲಿಂಗ್ ಮದುವೆಯಾದರು. ಪೌಲಿನಾರ ಅನಾರೋಗ್ಯದ ಕಾರಣ 1860ರಲ್ಲಿ ಮೊಗ್ಲಿಂಗ್ ಭಾರತವನ್ನೇ ಬಿಟ್ಟರು. ಇಪ್ಪತ್ತು ವರ್ಷಕ್ಕೂ ಮಿಕ್ಕಿದ ಕನ್ನಡ ನಾಡಿನ ದುಡಿಮೆ ಅಲ್ಲಿಗೆ ನಿಂತಿತು. ಪತ್ರಕರ್ತ, ಗ್ರಂಥಸಂಪಾದಕ ಮೊಗ್ಲಿಂಗ್ ಅವರ ಬದುಕಿನ ದಿಕ್ಕನ್ನು ಬದಲಿಸಿದ್ದು ಮನೆಯ ಕರೆ ಎಂಬುದು ಗಮನಾರ್ಹ. ಕಿಟೆಲ್ 1860ರಲ್ಲಿ ಪೌಲಿನಾ ಐಟ್‌ ಅವರನ್ನು ವರಿಸಿದರು. ನಾಲ್ಕೇ ವರ್ಷದಲ್ಲಿ ಆಕೆ ಕಣ್ಮುಚ್ಚಿದರು. 1867ರಲ್ಲಿ ಅವರ ಕೈಹಿಡಿದ ಜೂಲಿ ಆ ಪೌಲಿನಾರ ತಂಗಿ. ತಾಯಿಯಿಲ್ಲದ ಮಕ್ಕಳಿಗೆ ಚಿಕ್ಕಮ್ಮನೇ ತಾಯಿಯಾಗುವ ಈ ಬಗೆ ನಮ್ಮ ಮನೆತನಗಳಿಗೂ ಹೊಸದಲ್ಲ.

ಮಕ್ಕಳನ್ನು ಕಳಿಸಿಕೊಡುವ ಕಟ್ಟಳೆ

ಎಲ್ಲಕ್ಕಿಂತ ಕಠಿಣವಾದ ಅಗಲಿಕೆ ಮಕ್ಕಳದ್ದು. 1850ರಲ್ಲಿ ಮಿಷನ್ನಿನ ಮುಖ್ಯಸ್ಥರಾದ (ಇನ್‌ಸ್ಪೆಕ್ಟರ್) ಜೋಸೆಫ್ ಯೋಸೆನ್‌ಹಾನ್ಸ್ 1851–52ರಲ್ಲಿ ಭಾರತದ ಕೇಂದ್ರಗಳನ್ನು ಸ್ವತಃ ನೋಡಿ ಹೋದರು. 1853ರಲ್ಲಿ ಮಿಷನರಿಗಳ ಮಕ್ಕಳಿಗಾಗಿ ಬಾಸೆಲ್‌ನಲ್ಲಿ ವಸತಿಗೃಹ ಆರಂಭವಾಯಿತು. ಶಾಲೆಯ ವಯಸ್ಸಿಗೆ ಬಂದ ಮಕ್ಕಳನ್ನು ಯುರೋಪಿಗೆ ಕಳಿಸಬೇಕೆಂಬ ಕಟ್ಟಳೆಯೂ ಬಂತು. ಉಷ್ಣವಲಯದ ರೋಗಗಳ ಭಯ, ಯುರೋಪಿನ ಶಿಕ್ಷಣದ ಹಂಬಲ, ಮಕ್ಕಳು ಸುತ್ತಲಿನ ಸಮಾಜಕ್ಕೆ ತೀರ ಹತ್ತಿರವಾದಾರೆಂಬ ಆತಂಕ, ಎಲ್ಲವೂ ಇದರ ಹಿಂದೆ ಇದ್ದವು. ಆದರೆ ಆ ಮಕ್ಕಳ ಪಾಲಿಗೆ ಆಯಾ, ಅಂಗಳ, ಮೊದಲು ಕಲಿತ ಕನ್ನಡ ಅಥವಾ ಮಲಯಾಳದ ನುಡಿಗಳು ಒಂದೇ ದಿನದಲ್ಲಿ ಕೈಬಿಟ್ಟುಹೋದವು. ಅಪ್ಪ ಅಮ್ಮ ಕಾಗದದ ಮೇಲಿನ ಬರೆಹವಾಗಿ ಉಳಿದರು.

ಕಟ್ಟಳೆ ಬರುವ ಮುನ್ನವೂ ಈ ರೂಢಿ ಇತ್ತು. ತಲಶ್ಶೇರಿಯಲ್ಲಿದ್ದ ಬಾಸೆಲ್ ಮಿಷನರಿ ಹರ್ಮನ್ ಗುಂಡರ್ಟ್ ಮತ್ತು ಜೂಲಿ ದಂಪತಿಗೆ 1842ರಲ್ಲಿ ಹುಟ್ಟಿದ ಮಗಳು ಮರಿ ಇದಕ್ಕೆ ಒಳ್ಳೆಯ ನಿದರ್ಶನ. ಪುಟ್ಟ ಬಾಲೆಯಾಗಿದ್ದಾಗಲೇ ಅವಳನ್ನು ಯುರೋಪಿಗೆ ಕರೆದೊಯ್ದು ಅಲ್ಲಿಯೇ ಬಿಟ್ಟು ಹೆತ್ತವರು ಮಲಬಾರಿಗೆ ಮರಳಿದರು. ಅವಳು ಮತ್ತೆ ಅವರನ್ನು ಸೇರಿದ್ದು 1857ರಲ್ಲಿ. ಮುಂದೆ ಮರಿ ಮರುಮದುವೆಯಾದ ಯೊಹಾನ್ನೆಸ್ ಹೆಸ್ಸೆ ಕೂಡ ತಾರುಣ್ಯದಲ್ಲಿ ಮಂಗಳೂರಿನಲ್ಲಿ ಮಿಷನರಿಯಾಗಿದ್ದವರು. ಇವರ ಮಗನೇ 1877ರಲ್ಲಿ ಹುಟ್ಟಿದ ಕಾದಂಬರಿಕಾರ ಹರ್ಮನ್ ಹೆಸ್ಸೆ. ಮರಿಯ ಪತ್ರ, ದಿನಚರಿಗಳು 1934ರಲ್ಲಿ ಅವರ ಮಗಳು ಅಡೆಲೆಯ ಸಂಪಾದನೆಯಲ್ಲಿ ಪ್ರಕಟವಾದವು. ಮಿಷನರಿ ಮನೆತನದ ಹೆಣ್ಣುಮಗಳ ಒಳಬದುಕು ಅವಳದೇ ಬರೆಹದಲ್ಲಿ ಸಿಗುವ ಅಪರೂಪದ ಆಕರವಿದು.

ಮಂಗಳೂರಿನಿಂದ ಬಾಸೆಲ್‌ಗೆ

ಪ್ರಯಾಣ ಎದುರು ದಿಕ್ಕಿನಲ್ಲೂ ನಡೆಯಿತು. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು, 1846ರಲ್ಲಿ ಮೊಗ್ಲಿಂಗ್ ಜೊತೆ ಯುರೋಪಿಗೆ ಹೋದರು. ಬಾಸೆಲ್‌ನಲ್ಲಿ ಓದಿ 1851ರಲ್ಲಿ ಪಾದ್ರಿಯಾಗಿ ಹಿಂತಿರುಗಿದರು. ಜರ್ಮನ್ ಯುವಕನಿಗೆ ಊರಿನಿಂದ ಪತ್ರ ಬರುತ್ತಿತ್ತು, ಊರಿನ ಚರ್ಚಿನಲ್ಲಿ ಅವನಿಗಾಗಿ ಪ್ರಾರ್ಥನೆ ನಡೆಯುತ್ತಿತ್ತು. ಕೌಂಡಿನ್ಯರಿಗೆ ಹುಟ್ಟಿದ ಮನೆಯ ಬಾಗಿಲು ಮತಾಂತರದೊಂದಿಗೇ ಮುಚ್ಚಿತ್ತು. ಪತ್ನಿಯೂ ಅವರ ಜೊತೆ ಬರಲಿಲ್ಲ. 1860ರಲ್ಲಿ ಅವರು ಜರ್ಮನಿಯ ಮರಿಯಾ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ಯುರೋಪಿನ ಮಿಷನರಿಯನ್ನು ಮನೆಯಿಂದ ದೂರ ಮಾಡಿದ್ದು ಕಡಲು. ಕೌಂಡಿನ್ಯರು ತಮ್ಮ ಊರಿನಲ್ಲೇ ನಿಂತರೂ ದಾಟಲಾರದ ದೂರ ಅವರದಾಗಿತ್ತು.

ನಿಘಂಟಿನ ಹಿಂದಿನ ಅಗಲಿಕೆ

1877ರಲ್ಲಿ ಜರ್ಮನಿಗೆ ಮರಳಿದ ಕಿಟೆಲ್ 1883ರಲ್ಲಿ, 51ರ ವಯಸ್ಸಿನಲ್ಲಿ, ನಿಘಂಟನ್ನು ಮುಗಿಸಲೆಂದು ಮತ್ತೆ ಭಾರತಕ್ಕೆ ಬಂದರು. ಹೆಂಡತಿ ಮಕ್ಕಳು ಜರ್ಮನಿಯಲ್ಲೇ ಉಳಿದರು. ಕಿಟೆಲ್ ಕೊನೆಯ ಸಲ ಈ ನೆಲ ಬಿಟ್ಟದ್ದು 1892ರಲ್ಲಿ. ಎರಡು ವರ್ಷದ ಮೇಲೆ ಮಂಗಳೂರಿನಲ್ಲಿ ಅಚ್ಚಾದ ಗ್ರಂಥದಲ್ಲಿ ಸುಮಾರು 70,000 ಪದಗಳಿದ್ದವು. ಆ ಒಂಬತ್ತು ವರ್ಷ ಸಂಸಾರವನ್ನು ನಡೆಸಿದವರು, ಮಕ್ಕಳನ್ನು ಬೆಳೆಸಿದವರು ಪತ್ನಿ ಜೂಲಿ. ಕಿಟೆಲ್ ಜೊತೆ ದುಡಿದ ಕನ್ನಡ ಪಂಡಿತರ ಪಾಲನ್ನು ನಾವು ಈಗೀಗ ಗುರುತಿಸತೊಡಗಿದ್ದೇವೆ. ಜೂಲಿಯ ಪಾಲು ಇನ್ನೂ ನಮ್ಮ ಲೆಕ್ಕಕ್ಕೆ ಬಂದಿಲ್ಲ.

ಉಪಸಂಹಾರ

ಮೇಲಿನ ನಿದರ್ಶನಗಳಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಟಪಾಲಿನ ವೇಗ ಹೆಚ್ಚಿದಷ್ಟೂ ಅಗಲಿಕೆ ಕಡಿಮೆಯಾಯಿತು ಎಂಬ ಸರಳ ತೀರ್ಮಾನ ನಿಲ್ಲುವುದಿಲ್ಲ. ಉಗಿಹಡಗಿನ ಕಾಲದಲ್ಲೇ ಮಕ್ಕಳನ್ನು ಕಳಿಸುವ ಕಟ್ಟಳೆ ಗಟ್ಟಿಯಾಯಿತು. ಸುಯೆಜ್ ಕಾಲುವೆಯ ಕಾಲದಲ್ಲೇ ಕಿಟೆಲ್ ದಂಪತಿ ಬೇರೆಬೇರೆ ಖಂಡಗಳಲ್ಲಿ ಬಾಳಿದರು. ಪತ್ರ ಬೇಗ ಬರುತ್ತದೆಂಬ ಭರವಸೆಯೇ ಸಂಸ್ಥೆಗೆ ಇಂಥ ಅಗಲಿಕೆಯನ್ನು ವಿಧಿಸುವ ಧೈರ್ಯ ಕೊಟ್ಟಿರಬಹುದು. ಎರಡನೆಯದು, ಕನ್ನಡದ ಮುದ್ರಣ ಮತ್ತು ನಿಘಂಟುಗಳ ಚರಿತ್ರೆಗೆ ಒಂದು ಕುಟುಂಬ ಚರಿತ್ರೆಯೂ ಇದೆ. ಅದನ್ನು ಬರೆಯಲು ಬೇಕಾದ ಪತ್ರಗಳು ಜರ್ಮನ್ ಭಾಷೆಯಲ್ಲಿವೆ, ಹಳೆಯ ಜರ್ಮನ್ ಕೈಬರಹದಲ್ಲಿವೆ. ಆ ಲಿಪಿಯನ್ನು ಓದಬಲ್ಲ ಕನ್ನಡದ ಸಂಶೋಧಕರನ್ನು ನಮ್ಮ ವಿಶ್ವವಿದ್ಯಾಲಯಗಳು ತಯಾರು ಮಾಡಬೇಕು. ಮಿಷನರಿಗಳ ವರದಿಗಳಿಗೆ ಸಿಕ್ಕಷ್ಟೇ ಗೌರವ ಅವರ ಹೆಂಡತಿಯರ, ತಾಯಂದಿರ, ಮಕ್ಕಳ ಕಾಗದಗಳಿಗೂ ಸಿಗಬೇಕು. ಕಿಟೆಲ್ ನಿಘಂಟಿನ ಋಣವನ್ನು ನೆನೆಯುವ ನಾಡು ಆ ಋಣದಲ್ಲಿ ಜೂಲಿಗೆ ಸಲ್ಲಬೇಕಾದ ಪಾಲನ್ನೂ ದಾಖಲಿಸಬೇಕು.