ಖಡ್ಕಿಯ ವಾರ್ ಸಿಮೆಟ್ರಿ: ಕಲ್ಲಿನ ಮೇಲೆ ಬಂದ ಹೆಸರು, ಬಾರದ ಹೆಸರು

ಪುಣೆಯಲ್ಲಿ ಇರೋರು ಹೋಳ್ಕರ್ ಸೇತುವೆ ಹತ್ತಿರ ಎಷ್ಟೋ ಸಲ ಹಾದು ಹೋಗಿರ್ತೀರಿ. ಅಲ್ಲೇ ಖಡ್ಕಿಯ ಮುಳಾ ರಸ್ತೆಯಲ್ಲಿ ಒಂದು ವಾರ್ ಸಿಮೆಟ್ರಿ ಇದೆ. ಆಫೀಸಿಗೆ ಹೋಗೋವಾಗ ವರ್ಷಗಟ್ಟಲೆ ನಾನು ಅದನ್ನ ಹೊರಗಿಂದಲೇ ನೋಡಿದ್ದೆ. ಬೆಳಗಾವಿಯಿಂದ ಅಪ್ಪ ಬಂದಾಗ ಒಂದು ಭಾನುವಾರ ಒಳಗೆ ಕರ್ಕೊಂಡು ಹೋದೆ. ಸಾಲು ಸಾಲು ಕಲ್ಲು ಓದುತ್ತಾ ಅರ್ಧ ಗಂಟೆ ಓಡಾಡಿದ ಮೇಲೆ ಅಪ್ಪ ಕೇಳಿದ್ರು: "ಭಾಳ ಮಾಡಿ ಇಂಗ್ಲಿಷರ ಹೆಸರs ಅದಾವಲ್ಲೋ. ನಮ್ ಮಂದಿನೂ ಸತ್ತಾರಲ್ಲ, ಅವರ ಹೆಸರು ಎಲ್ಲಿ?"

ನನ್ನ ಹತ್ರ ಉತ್ತರ ಇರಲಿಲ್ಲ. ಆಮೇಲೆ ಹುಡುಕಿ ಓದಿದ್ದನ್ನ ಇವತ್ತು ಹೇಳ್ತೀನಿ.

ಮೊದಲು ಈ ಜಾಗದ ಕಥೆ. ಮೊದಲನೇ ಮಹಾಯುದ್ಧ ನಡೀತಿದ್ದಾಗ, 1917ರ ಮೇ ತಿಂಗಳಲ್ಲಿ, ಬ್ರಿಟಿಷ್ ಸಾಮ್ರಾಜ್ಯದ ಸತ್ತ ಸೈನಿಕರ ಸಮಾಧಿ ನೋಡಿಕೊಳ್ಳೋಕೆ ಒಂದು ಆಯೋಗ ಶುರುವಾಯ್ತು. ಅದರ ಹಿಂದಿದ್ದವರು ಫೇಬಿಯನ್ ವೇರ್. ಇವತ್ತು ಅದರ ಹೆಸರು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್. ಅವರ ನಿಯಮ ಸರಳ: ಸತ್ತ ಪ್ರತಿಯೊಬ್ಬರ ಹೆಸರೂ ಒಂದು ಕಲ್ಲಿನ ಮೇಲೋ ಸ್ಮಾರಕದ ಮೇಲೋ ಇರಬೇಕು. ಅಧಿಕಾರಿ, ಸಿಪಾಯಿ, ಜನಾಂಗ, ಧರ್ಮ ಅಂತ ಭೇದ ಇರಬಾರದು.

ಖಡ್ಕಿಯ ಈ ಸ್ಮಶಾನ ಮಾಡಿದ್ದು ಎರಡನೇ ಮಹಾಯುದ್ಧದವರಿಗಾಗಿ. ಪಶ್ಚಿಮ ಮತ್ತು ಮಧ್ಯ ಭಾರತದಲ್ಲಿ ಅಲ್ಲಲ್ಲಿ ಚದುರಿದ್ದ, ಮುಂದೆ ನೋಡಿಕೊಳ್ಳೋರು ಇರ್ತಾರೋ ಇಲ್ಲವೋ ಅನ್ನುವಂಥ ಸಮಾಧಿಗಳನ್ನ ಇಲ್ಲಿಗೆ ತಂದರು. ಈಗ ಇಲ್ಲಿ ಆ ಯುದ್ಧದ 1,668 ಸಮಾಧಿಗಳಿವೆ.

ಒಳಗೇ ಇನ್ನೊಂದು ಸ್ಮಾರಕ ಇದೆ, 1914-1918ರದ್ದು. ಮೊದಲನೇ ಯುದ್ಧದ ಕಾಲದಲ್ಲಿ ಭಾರತದಲ್ಲಿ ಸತ್ತು, ಈಗಿನ ಭಾರತ ಮತ್ತು ಪಾಕಿಸ್ತಾನದ ಯಾವುದೋ ಊರಿನ ಸ್ಮಶಾನದಲ್ಲಿ ಉಳಿದುಹೋದ 1,800ಕ್ಕೂ ಹೆಚ್ಚು ಜನರ ಹೆಸರು ಅದರಲ್ಲಿದೆ. ಇವರಲ್ಲಿ 629 ಜನರ ಅವಶೇಷಗಳನ್ನ 1962ರ ಜೂನ್‌ನಲ್ಲಿ ಮುಂಬೈನ ಶಿವಡಿಯಿಂದ ಇಲ್ಲಿಗೆ ತಂದು ಮತ್ತೆ ಮಣ್ಣು ಮಾಡಿದರು. ಎರಡನೇ ಯುದ್ಧದಲ್ಲಿ ಭಾರತದಲ್ಲಿ ತೀರಿಕೊಂಡ 193 ಆಫ್ರಿಕನ್ ಸೈನಿಕರನ್ನೂ ಇಲ್ಲೇ ನೆನೆದಿದ್ದಾರೆ. ಸಮಾಧಿ ಉಳಿಯದಿದ್ದರೂ ಹೆಸರು ಉಳೀಬೇಕು ಅನ್ನೋ ಮಾತನ್ನ ಇಲ್ಲಿ ನಡೆಸಿಕೊಟ್ಟಿದ್ದಾರೆ.

ಹಾಗಾದ್ರೆ ನಮ್ಮವರು? ಅರ್ಧ ಉತ್ತರ ಸುಲಭ. ಹಿಂದೂ ಮತ್ತು ಸಿಖ್ ಸೈನಿಕರಿಗೆ ದಹನ ಸಂಸ್ಕಾರ. ಸಮಾಧಿ ಇಲ್ಲ, ಆದ್ದರಿಂದ ಕಲ್ಲೂ ಇಲ್ಲ. ಆದರೆ ಸ್ಮಾರಕದ ಗೋಡೆ ಮೇಲೆ ಹೆಸರು ಬರೆಯೋಕೆ ದಹನ ಏನೂ ಅಡ್ಡಿ ಇಲ್ಲವಲ್ಲ? ಫ್ರಾನ್ಸಿನ ನ್ಯೂವ್ ಶಾಪೆಲ್‌ನಲ್ಲಿ 1927ರಲ್ಲಿ ಕಟ್ಟಿದ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರು ಕೆತ್ತಿದ್ದಾರೆ.

ಉತ್ತರದ ಇನ್ನರ್ಧ ಇರೋದು ಇರಾಕಿನಲ್ಲಿ. ಆಗಿನ ಮೆಸೊಪೊಟೇಮಿಯಾ. ಈ ಪುಣೆಯ ಹೆಸರನ್ನೇ ಹೊತ್ತ 6ನೇ ಪೂನಾ ಡಿವಿಜನ್ ಅಲ್ಲಿ ಕೂತ್ ಅನ್ನೋ ಊರಲ್ಲಿ ಮುತ್ತಿಗೆಗೆ ಸಿಕ್ಕಿ, ಹಸಿವಿನಿಂದ ಸೊರಗಿ, 1916ರ ಏಪ್ರಿಲ್ 29ರಂದು ತುರ್ಕರಿಗೆ ಶರಣಾಯ್ತು. ಅದರಲ್ಲಿ ಮರಾಠಾ ಪಲ್ಟನ್‌ಗಳೂ ಇದ್ದವು. ಬೆಳಗಾವಿಯವರಿಗೆ ಮರಾಠಾ ಲೈಟ್ ಇನ್‌ಫೆಂಟ್ರಿ ಬಗ್ಗೆ ಹೇಳಬೇಕಾಗಿಲ್ಲ, ಇವತ್ತು ಅದರ ಕೇಂದ್ರ ನಮ್ಮೂರಲ್ಲೇ ಇದೆ. ಆ ರಣರಂಗದಲ್ಲಿ ಸತ್ತು, ಸಮಾಧಿ ಗೊತ್ತಿಲ್ಲದವರಿಗಾಗಿ ಬಸ್ರಾದಲ್ಲಿ ಸ್ಮಾರಕ ಕಟ್ಟಿದರು. ಬ್ರಿಟಿಷರದ್ದು ಹೆಸರು ಕೆತ್ತಿದರು. ಭಾರತೀಯ ಅಧಿಕಾರಿಗಳದ್ದೂ ಕೆತ್ತಿದರು. ಭಾರತೀಯ ಸಿಪಾಯಿಗಳದ್ದು? ಇಂಥ ರೆಜಿಮೆಂಟ್, ಇಷ್ಟು ಜನ. ಅಷ್ಟೇ. ನನ್ನ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ, ಡೇಟಾ ಅಳಿಸಿ ಬರೀ ಟೋಟಲ್ ಇಟ್ಟುಕೊಂಡ ಹಾಗೆ.

ಆಯೋಗವೇ ನೇಮಿಸಿದ ಸಮಿತಿ 2021ರ ಏಪ್ರಿಲ್‌ನಲ್ಲಿ ಇದನ್ನ ಒಪ್ಪಿಕೊಂಡಿತು. ಮೊದಲನೇ ಯುದ್ಧದಲ್ಲಿ ಸತ್ತ ಭಾರತ, ಆಫ್ರಿಕಾ ಮುಂತಾದ ಕಡೆಯ 45,000ದಿಂದ 54,000 ಜನರನ್ನ ಸಮನಾಗಿ ನೆನೆದಿಲ್ಲ. ಕಡಿಮೆ ಅಂದ್ರೂ 1,16,000 ಜನರ ಹೆಸರೇ ಎಲ್ಲೂ ಇಲ್ಲ. ಬ್ರಿಟನ್ನಿನ ರಕ್ಷಣಾ ಮಂತ್ರಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಇಷ್ಟು ತಿಳಿದ ಮೇಲೂ ಖಡ್ಕಿಗೆ ಯಾಕೆ ಹೋಗಬೇಕು? ಆ ನಿಯಮ ಪಾಲಿಸಿದಾಗ ಹೇಗಿರುತ್ತೆ ಅಂತ ಕಣ್ಣಾರೆ ನೋಡೋಕೆ. ಆಗ ನಮ್ಮವರಿಗೆ ಏನು ತಪ್ಪಿಹೋಯ್ತು ಅಂತ ಸರಿಯಾಗಿ ಗೊತ್ತಾಗುತ್ತೆ.

ಹೋಗೋದು ಕಷ್ಟ ಇಲ್ಲ. ಪುಣೆ-ಲೋಣಾವಳ ಲೋಕಲ್‌ನಲ್ಲಿ ಖಡ್ಕಿಗೆ ಇಳಿದು ಆಟೋದವರಿಗೆ "ವಾರ್ ಸಿಮೆಟ್ರಿ, ಹೋಳ್ಕರ್ ಪುಲ್" ಅನ್ನಿ. ಟಿಕೆಟ್ ಇಲ್ಲ. ಹಗಲಲ್ಲಿ ಹೋಗಿ. ಹೋಗೋ ಮುಂಚೆ ಆಯೋಗದ ವೆಬ್‌ಸೈಟಿನಲ್ಲಿ ಒಂದು ಹೆಸರು ಹುಡುಕಿಟ್ಟುಕೊಳ್ಳಿ, ಅದಕ್ಕೆ ದುಡ್ಡಿಲ್ಲ. ಸಮಾಧಿ ಎಲ್ಲಿದೆ ಅನ್ನೋದನ್ನ ವಿಳಾಸದ ಥರ ಕೊಟ್ಟಿರ್ತಾರೆ: ಮೊದಲು ಪ್ಲಾಟ್, ಆಮೇಲೆ ಸಾಲು, ಆಮೇಲೆ ಸಮಾಧಿಯ ಸಂಖ್ಯೆ. ಕಲ್ಲಿನ ಮೇಲೆ ವಯಸ್ಸು ಇದ್ದರೆ ತಪ್ಪದೇ ಓದಿ. ಕೆಳಗಡೆ ಮನೆಯವರು ಬರೆಸಿದ ಒಂದು ಸಾಲು ಇದ್ದರೆ ಅದನ್ನೂ ಓದಿ. ಪಿಕ್ನಿಕ್ ಜಾಗ ಅಲ್ಲ ಅನ್ನೋದು ನೆನಪಿರಲಿ. ಚೆನ್ನೈನವರಿಗೆ ನಂದಂಬಾಕ್ಕಂನಲ್ಲಿ, ದೆಹಲಿಯವರಿಗೆ ಕಂಟೋನ್ಮೆಂಟಿನ ಬ್ರಾರ್ ಸ್ಕ್ವೇರ್‌ನಲ್ಲಿ ಇಂಥದ್ದೇ ಸ್ಮಶಾನಗಳಿವೆ. ಎರಡನೇ ಯುದ್ಧದಲ್ಲಿ ಸತ್ತ ಅವಿಭಜಿತ ಭಾರತದ 25,000ಕ್ಕೂ ಹೆಚ್ಚು ಸೈನಿಕರ ಸ್ಮಾರಕ ಇರೋದು ದೆಹಲಿಯ ಆ ಜಾಗದಲ್ಲೇ.

ಊರಿಗೆ ಫೋನ್ ಮಾಡಿ ಅಪ್ಪನಿಗೆ ಇದೆಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಲ್ಲಿನ ಮ್ಯಾಲೆ ಇಲ್ಲಂದ್ರ ಮನ್ಯಾಗರ ಹೆಸರು ನೆನಪಿಟ್ಕೋಬೇಕು" ಅಂದ್ರು. ನಿಮ್ಮ ಮನೆಯಲ್ಲಿ ಮುತ್ತಜ್ಜ ಯಾರಾದ್ರೂ ಆ ಯುದ್ಧಗಳಿಗೆ ಹೋಗಿದ್ರೆ, ಹೆಸರು, ಊರು, ಪಲ್ಟನ್ ಮೂರನ್ನೂ ಹಿರಿಯರ ಹತ್ರ ಕೇಳಿ ಇವತ್ತೇ ಬರೆದಿಡಿ. ಮತ್ತೆ ಸಿಗೋಣ.