ಷೇರು ಹೊಣೆ (ರೈತ ಉತ್ಪಾದಕ ಕಂಪನಿ)

ರೈತ ಉತ್ಪಾದಕ ಕಂಪನಿಯ ಸದಸ್ಯ ತಾನು ಪಡೆದ ಷೇರಿನ ಹಣವನ್ನು ಪೂರ್ತಿ ಕಟ್ಟಬೇಕಾದ ಬಾಧ್ಯತೆ. ಕಂಪನಿ ಸಾಲದಲ್ಲಿ ಮುಳುಗಿದರೂ ಆತ ಕೊಡಬೇಕಾದ್ದು ಷೇರಿನಲ್ಲಿ ಉಳಿದ ಬಾಕಿ ಮಾತ್ರ. ಸಾಲ ಕೊಟ್ಟವರು ಅವನ ಹೊಲ, ಎತ್ತುಗಳಿಗೆ ಕೈಹಾಕುವಂತಿಲ್ಲ. ಸ್ವತಃ ಜಾಮೀನು ಬಿದ್ದಿದ್ದರೆ ಮಾತು ಬೇರೆ.

ಹಿಂದೆ ಹೀಗಿರಲಿಲ್ಲ. ಆಗ ಧಾರವಾಡ ಜಿಲ್ಲೆಯಲ್ಲಿದ್ದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ ಕಾಲಕ್ಕೆ, 1904ರ ಕಾಯ್ದೆಯಡಿ ಗ್ರಾಮೀಣ ಸಂಘಗಳಿಗೆ ಅಮಿತ ಹೊಣೆಯೇ ಸಾಮಾನ್ಯ ನಿಯಮ: ಒಬ್ಬ ತೀರಿಸದ ಸಾಲ ಉಳಿದವರ ತಲೆಗೆ. ಕಂಪನಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ ಉತ್ಪಾದಕ ಕಂಪನಿಗೆ ದಾರಿ ಮಾಡಿತು. ಈಗ 2013ರ ಕಂಪನಿ ಕಾಯ್ದೆಯ 378ಎ ಮತ್ತು ಮುಂದಿನ ಕಲಮುಗಳು ಅನ್ವಯಿಸುತ್ತವೆ.

ನವಲಗುಂದ, ಅಣ್ಣಿಗೇರಿಯ ಹೆಸರು–ಕಡಲೆ, ಕುಂದಗೋಳದ ಮೆಣಸಿನಕಾಯಿ ಬೆಳೆಗಾರರಿಗೆ ಷೇರಿಗಿಂತ ಹೆಚ್ಚು ತಟ್ಟುವಂಥದ್ದು ತಡೆಹಿಡಿದ ಬೆಲೆ. ಮಾಲು ಹಾಕಿದಾಗ ಆಡಳಿತ ಮಂಡಳಿ ಗೊತ್ತುಮಾಡಿದಷ್ಟೇ ಕೈಗೆ ಬರುತ್ತದೆ. ಉಳಿದದ್ದು ಮುಂದೆ ನಗದಾಗಿ, ವಸ್ತುವಾಗಿ ಇಲ್ಲವೇ ಷೇರಾಗಿ ಸಿಗಬಹುದು. ಸೇರುವ ಮುನ್ನ ಕೇಳಿ ತಿಳಿಯಬೇಕಾದ ಅಂಶ ಇದೇ. ಸದಸ್ಯರೆಲ್ಲ ಬಿಡಿ ರೈತರಾದಲ್ಲಿ, ಷೇರು ಎಷ್ಟೇ ಇರಲಿ, ತಲೆಗೆ ಒಂದೇ ಮತ.

2020ರ ಕೇಂದ್ರ ಯೋಜನೆಯಲ್ಲಿ ರೈತರ ಷೇರು ಹಣಕ್ಕೆ ಸರಿಸಮ ಅನುದಾನವುಂಟು: ಸದಸ್ಯನಿಗೆ ₹2,000, ಕಂಪನಿಗೆ ₹15 ಲಕ್ಷ ಮಿತಿ.