ಬಸುರಿ ವಿದ್ಯಾರ್ಥಿನಿಗೆ ಹಾಸ್ಟೆಲ್‌ನಲ್ಲಿ ಜಾಗ ಇಲ್ವಾ?

ಇವತ್ತು ಒಂದು ಹಾಸ್ಟೆಲ್ ರೂಮಿನ ಕತೆಯಿಂದ ಶುರು ಮಾಡ್ತೀನಿ.

ನಾನು ಎಂ.ಎ. ಓದುವಾಗ ಪಕ್ಕದ ರೂಮಲ್ಲಿ ಒಬ್ಬ ಅಕ್ಕ ಇದ್ರು. ಮದುವೆಯಾಗಿತ್ತು, ಪಿಎಚ್‌ಡಿ ಮಾಡ್ತಿದ್ರು. ಬಸುರಿ ಅಂತ ಗೊತ್ತಾದ ಮೇಲೆ ವಾರ್ಡನ್ ಕರೆದು, ‘ಓದು ಬಿಡಬೇಡಮ್ಮ, ಆದ್ರೆ ರೂಮ್ ಖಾಲಿ ಮಾಡು’ ಅಂದ್ರು. ಗದರಲಿಲ್ಲ, ಮೆಲ್ಲಗೇ ಹೇಳಿದ್ರು. ಅಕ್ಕನ ಸೂಟ್‌ಕೇಸ್ ಕೆಳಗಿಳಿಸಿಕೊಟ್ಟವರಲ್ಲಿ ನಾನೂ ಒಬ್ಬಳು. ಹಾಸ್ಟೆಲ್ ಅಂದ್ರೆ ಹಾಗೇ ತಾನೇ, ಅಲ್ಲಿ ಕೂಸಿಗೆಲ್ಲಿ ಜಾಗ ಅಂತ ಆಗ ಅನ್ನಿಸಿತ್ತು. ಆಮೇಲೆ ಇತಿಹಾಸ ಓದಿದೆ, ಆ ನಂಬಿಕೆ ಹೋಯ್ತು.

ಅಮೆರಿಕದ ಕತೆ ಕೇಳಿ. 1944ರ ಜೂನ್‌ನಲ್ಲಿ ಅಲ್ಲಿ ‘ಜಿಐ ಬಿಲ್’ ಬಂತು. ಯುದ್ಧದಿಂದ ಮರಳುವ ಸೈನಿಕರ ಓದಿನ ಖರ್ಚು ಸರ್ಕಾರದ್ದು. 1947ರಲ್ಲಿ ಕಾಲೇಜು ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾಜಿ ಸೈನಿಕರೇ. ಅವರಲ್ಲಿ ಬಹಳ ಜನಕ್ಕೆ ಹೆಂಡತಿ ಇದ್ಲು, ಕೆಲವರಿಗೆ ಮಕ್ಕಳೂ ಇದ್ರು. ಇದ್ದ ಹಾಸ್ಟೆಲ್‌ಗಳು ಒಂಟಿ ಹುಡುಗರಿಗಾಗಿ ಕಟ್ಟಿದ್ದವು. ಆಗ ಏನು ಮಾಡಿದ್ರು? ಯುದ್ಧದಲ್ಲಿ ಮಿಕ್ಕಿದ ಬ್ಯಾರಕ್, ಟ್ರೇಲರ್, ತಗಡಿನ ಗುಡಿಸಲುಗಳನ್ನ ತಂದು ಕ್ಯಾಂಪಸ್‌ನಲ್ಲಿ ನಿಲ್ಲಿಸಿದ್ರು! ಅಯೋವಾ ಸ್ಟೇಟ್‌ನಲ್ಲಿ ‘ಪ್ಯಾಮೆಲ್ ಕೋರ್ಟ್’ ಹುಟ್ಟಿದ್ದು ಹೀಗೆ. ವಿಸ್ಕಾನ್ಸಿನ್‌ನವರು ಮದ್ದಿನ ಕಾರ್ಖಾನೆಯ ಕೆಲಸಗಾರರ ಮನೆಗಳನ್ನೇ ‘ಬ್ಯಾಡ್ಜರ್ ವಿಲೇಜ್’ ಮಾಡಿಕೊಂಡ್ರು. ಮ್ಯಾಡಿಸನ್‌ನಿಂದ ಅದು ದೂರ, ಹಾಗಾಗಿ ಓದೋಕೆ ಬಸ್ಸಲ್ಲಿ ಹೋಗಿಬರ್ತಿದ್ರು. ಅಂದ್ರೆ ಮನಸ್ಸಿದ್ದಾಗ ಕೂಸಿಗೂ ತೊಟ್ಟಿಲಿಗೂ ಜಾಗ ಸಿಕ್ಕಿತ್ತು.

ಆದ್ರೆ ಗಮನಿಸಿ, ಅಲ್ಲಿ ಹೆಚ್ಚಾಗಿ ಓದ್ತಿದ್ದದ್ದು ಅಪ್ಪ. ಓದುವವಳೇ ಬಸುರಿಯಾದ್ರೆ? ಅದರಲ್ಲೂ ಮದುವೆಯಾಗದೆ ಬಸುರಿಯಾದ್ರೆ? 1971ರಲ್ಲಿ ಮ್ಯಾಸಚೂಸೆಟ್ಸ್‌ನ ಒಂದು ಹೈಸ್ಕೂಲ್ ಅಂಥ ಹುಡುಗಿಗೆ ತರಗತಿಗೆ ಬರಬೇಡ ಅಂದಿತ್ತು. ಅವಳು ಕೋರ್ಟಿಗೆ ಹೋದಳು. ಅವಳನ್ನ ವಾಪಸ್ ಸೇರಿಸಿಕೊಳ್ಳಿ ಅಂತ ಕೋರ್ಟ್ ಹೇಳ್ತು. ಮರುವರ್ಷ, 1972ರಲ್ಲಿ, ‘ಟೈಟಲ್ ನೈನ್’ ಕಾನೂನು ಬಂತು. ಗರ್ಭಿಣಿ ಅನ್ನೋ ಕಾರಣಕ್ಕೆ ವಿದ್ಯಾರ್ಥಿನಿಯನ್ನ ಹೊರಗಿಡುವಂತಿಲ್ಲ, ವೈದ್ಯರು ಹೇಳಿದಷ್ಟು ದಿನ ರಜೆ ಕೊಡಬೇಕು, ಮರಳಿದಾಗ ಮೊದಲಿನ ಸ್ಥಾನವನ್ನೇ ಕೊಡಬೇಕು ಅಂತ ಅದರ 1975ರ ನಿಯಮಗಳು ಸ್ಪಷ್ಟವಾಗಿ ಹೇಳಿದವು.

ತರಗತಿಯ ಬಾಗಿಲು ತೆರೀತು. ರಾತ್ರಿ ಮಲಗೋದೆಲ್ಲಿ? ಅದಕ್ಕೆ ಉತ್ತರ ಬರೋಕೆ ಇನ್ನೂ ತಡವಾಯ್ತು. ಪೆನ್ಸಿಲ್ವೇನಿಯಾದ ವಿಲ್ಸನ್ ಕಾಲೇಜು ಒಂಟಿ ತಾಯಂದಿರು ಮಕ್ಕಳ ಜೊತೆ ಕ್ಯಾಂಪಸ್‌ನಲ್ಲೇ ಇದ್ದು ಓದುವ ಯೋಜನೆ ಶುರು ಮಾಡಿದ್ದು 1996ರಲ್ಲಿ. 2010ರ ಆರೋಗ್ಯ ಕಾನೂನು ಗರ್ಭಿಣಿ ವಿದ್ಯಾರ್ಥಿನಿಯರ ಮತ್ತು ಎಳೆ ಪೋಷಕರ ನೆರವಿಗೆ ವರ್ಷಕ್ಕೆ 2.5 ಕೋಟಿ ಡಾಲರ್‌ನಂತೆ ಹತ್ತು ವರ್ಷದ ನಿಧಿ ಇಟ್ಟಿತು. ಕಾಲೇಜುಗಳು ನೋಡಿಕೊಳ್ಳಬೇಕಾದ ಅಗತ್ಯಗಳ ಪಟ್ಟಿಯಲ್ಲಿ ಮಗುವಿನ ಆರೈಕೆ, ಹೊಂದಿಸಿಕೊಳ್ಳಬಹುದಾದ ವೇಳಾಪಟ್ಟಿ ಇವುಗಳ ಜೊತೆ ಕುಟುಂಬದ ವಸತಿಯೂ ಇತ್ತು.

ಈಗ ನಮ್ಮಲ್ಲಿಗೆ ಬರೋಣ. ಯುಜಿಸಿಯ 2016ರ ನಿಯಮದಲ್ಲಿ ಎಂಫಿಲ್, ಪಿಎಚ್‌ಡಿ ಮಾಡುವ ಹೆಣ್ಣುಮಕ್ಕಳಿಗೆ ಹೆರಿಗೆ ಮತ್ತು ಶಿಶುಪಾಲನೆಗಾಗಿ 240 ದಿನದವರೆಗೆ ರಜೆಗೆ ಅವಕಾಶ ಇತ್ತು. ಪದವಿ, ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹಾಜರಾತಿಯಲ್ಲಿ ರಿಯಾಯ್ತಿ, ಅಗತ್ಯ ಎನಿಸುವ ಇತರ ಸೌಲಭ್ಯ ಕೊಡಿ ಅಂತ 2021ರ ಡಿಸೆಂಬರ್‌ನಲ್ಲಿ ಅದೇ ಯುಜಿಸಿ ವಿಶ್ವವಿದ್ಯಾಲಯಗಳಿಗೆ ಪತ್ರ ಬರೀತು. ಆ ‘ಇತರ ಸೌಲಭ್ಯ’ದಲ್ಲಿ ನೆಲಮಹಡಿಯ ಒಂದು ರೂಮ್, ಹೊತ್ತಿಗೆ ಸರಿಯಾಗಿ ಊಟ, ಅರ್ಧರಾತ್ರಿ ಆಸ್ಪತ್ರೆಗೆ ಹೋಗೋಕೆ ಒಂದು ಗಾಡಿ, ಇಷ್ಟು ಸೇರಿಸೋದು ಕಷ್ಟವೇ?

ನಮ್ಮ ಅಕ್ಕನಿಗೆ ರಜೆ ಸಿಕ್ಕಿತ್ತು, ರೂಮ್ ಸಿಗಲಿಲ್ಲ. ದಿನಾ ಊರಿಂದ ಓಡಾಡೋಕಾಗದೆ ಥೀಸಿಸ್ ಅರ್ಧಕ್ಕೇ ನಿಂತಿತು. ಸೈನಿಕರ ಸಂಸಾರಕ್ಕೆ ಬ್ಯಾರಕ್‌ಗಳನ್ನೇ ಹೊತ್ತು ತಂದ ಕತೆ ಓದಿದಾಗೆಲ್ಲ ನನಗೆ ಆ ಸೂಟ್‌ಕೇಸ್ ನೆನಪಾಗುತ್ತೆ.

ನೀವು ಹಾಸ್ಟೆಲ್‌ನಲ್ಲಿದ್ರೆ ಒಂದು ಕೆಲಸ ಮಾಡಿ. ನಿಮ್ಮ ಹಾಸ್ಟೆಲ್‌ನ ನಿಯಮ ಪುಸ್ತಕ ತೆಗೆದು, ಗರ್ಭಿಣಿಯರ ಬಗ್ಗೆ ಏನು ಬರೆದಿದೆ ನೋಡಿ. ಏನೂ ಇಲ್ಲದಿದ್ರೆ, ಯಾರಿಗಾದ್ರೂ ಬೇಕಾಗೋಕೆ ಮೊದಲೇ ಕೇಳಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.